ಒಂದು ಮಣ್ಣಿನ ಲೋಟದ ಹದ: ತಿಗರಿಯಿಂದ ಗ್ಲೇಜ್‌ವರೆಗೆ

ಸೆರಾಮಿಕ್ಸ್ ಕಲಿಯಲು ಸೇರಿದ ಹೊಸದರಲ್ಲಿ ಎಲ್ಲರಿಗೂ ತಿಗರಿ, ಅಂದರೆ ಕುಂಬಾರನ ಚಕ್ರದ ಮುಂದೆ ಕೂರುವ ಆತುರ. ನನಗೂ ಇತ್ತು. ಮೊದಲ ವರ್ಷ ಮುಗಿದಾಗ ಬಿರಿದವು, ಒಡೆದವು, ಕಿಲ್ನ್ (ಪಾತ್ರೆ ಸುಡುವ ಕುಲುಮೆ) ಹಲಗೆಗೆ ಅಂಟಿಕೊಂಡವು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ತಿಗರಿ ಮೇಲೆ ಕೆಟ್ಟವು ಕಡಿಮೆ. ಒಣಗುವಾಗ ಮತ್ತು ಗ್ಲೇಜ್ (ಮೈಮೇಲಿನ ಗಾಜಿನ ಲೇಪ) ಹಚ್ಚುವಾಗ ಕೆಟ್ಟವೇ ಜಾಸ್ತಿ. ಅಂದರೆ ಕೈಚಳಕ ಸಾಲದೆ ಹೋಗಿದ್ದಕ್ಕಿಂತ ಹದ ತಪ್ಪಿ ಹೋಗಿದ್ದೇ ಹೆಚ್ಚು. ಪಾಕ ಒಂದೆಳೆಯೋ ಎರಡೆಳೆಯೋ ಅಂತ ಬೆರಳಲ್ಲಿ ಹಿಡಿದು ನೋಡುತ್ತೇವಲ್ಲ, ಮಣ್ಣಿನ ಕೆಲಸದಲ್ಲೂ ಹಾಗೆ ಹೆಜ್ಜೆ ಹೆಜ್ಜೆಗೂ ನೋಡಬೇಕು.

ಇಲ್ಲಿ ಒಂದೇ ಒಂದು ವಸ್ತು ಮಾಡೋಣ. ಹಿಡಿ ಇಲ್ಲದ, ಕಾಫಿ ಕುಡಿಯುವ ಲೋಟ. ಅದೊಂದು ಸರಿಯಾಗಿ ಬಂದರೆ ಬಟ್ಟಲು, ಹೂಜಿ ಎಲ್ಲಕ್ಕೂ ದಾರಿ ಸಿಗುತ್ತದೆ.

ಯಾವ ಮಣ್ಣು?

ನಮ್ಮೂರುಗಳ ಮಡಕೆಗೆ ಬಳಸುವುದು ಕೆರೆಯಿಂದ ತಂದ ಜೇಡಿಮಣ್ಣು. ಅದು ಸಾವಿರ ಡಿಗ್ರಿಗಿಂತ ಕಡಿಮೆ ಶಾಖದಲ್ಲೇ ಬೇಯುತ್ತದೆ. ಬೆಂದ ಮೇಲೂ ಮೈತುಂಬ ಸಣ್ಣ ಸಣ್ಣ ತೂತು ಉಳಿದಿರುತ್ತದೆ. ನೀರು ಅದರಲ್ಲಿ ಜಿನುಗಿ, ಹೊರಗೆ ಆವಿಯಾಗಿ, ಒಳಗಿನ ನೀರನ್ನು ತಂಪು ಮಾಡುತ್ತದೆ. ಹಾಗಾಗಿ ನೀರಿನ ಮಡಕೆಗೆ ಗ್ಲೇಜ್ ಹಚ್ಚಿದರೆ ಅದರ ಕೆಲಸವೇ ಕೆಟ್ಟಹಾಗೆ. ಇನ್ನೊಂದು ವಿಷಯ ನನಗೆ ಕಾಲೇಜಿಗೆ ಬರುವವರೆಗೂ ಗೊತ್ತಿರಲಿಲ್ಲ. ಊರಿನ ದುಂಡು ತಳದ ಮಡಕೆ ಪೂರ್ತಿ ತಿಗರಿ ಮೇಲೆ ಆಗುವುದಿಲ್ಲ. ಬಾಯಿ, ಕತ್ತು ತಿಗರಿ ಮೇಲೆ ಆಗುತ್ತದೆ. ಹೊಟ್ಟೆ ಮತ್ತು ತಳವನ್ನು ಆಮೇಲೆ ಒಳಗೊಂದು ಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡುತ್ತಾರೆ. ಬೆಂಗಳೂರಿನ ಪಾಟರಿ ಟೌನ್‌ಗೆ ಹೋದರೆ ಕೆಂಪು ಮಣ್ಣಿನ ಕೆಲಸ ಕಣ್ಣಾರೆ ನೋಡಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ.

ನಮ್ಮ ಲೋಟಕ್ಕೆ ಬೇಕಾದದ್ದು ಸ್ಟೋನ್‌ವೇರ್ ಮಣ್ಣು. ಇದು 1200 ಡಿಗ್ರಿ ದಾಟಿದ ಮೇಲೆ ಕಲ್ಲಿನ ಹಾಗೆ ಬಿಗಿಯಾಗುತ್ತದೆ, ನೀರು ಜಿನುಗುವುದಿಲ್ಲ. ಕೆಂಪು ಮಣ್ಣನ್ನೂ ಇದನ್ನೂ ಒಂದೇ ಮೇಜಿನ ಮೇಲೆ ಬೆರೆಸಬೇಡಿ. ಕೆಂಪು ಮಣ್ಣಿನ ಲೋಟ ಅಪ್ಪಿತಪ್ಪಿ ಹೆಚ್ಚು ಶಾಖದ ಕಿಲ್ನ್ ಸೇರಿದರೆ ಉಬ್ಬಿ, ಕುಸಿದು, ಕೆಲವೊಮ್ಮೆ ಕರಗಿ ಹಲಗೆ ಮೇಲೆ ಹರಿಯುತ್ತದೆ. ಚೀಲಗಳ ಮೇಲೆ ದೊಡ್ಡದಾಗಿ ಬರೆದಿಡಿ.

ಒಂದು ಲೋಟಕ್ಕೆ 450 ಗ್ರಾಂ ಹಸಿ ಮಣ್ಣು ಸಾಕು. ತೂಕ ಮಾಡಿಯೇ ತೆಗೆದುಕೊಳ್ಳಿ, ಕಣ್ಣಂದಾಜು ಬೇಡ. ಸ್ಟೋನ್‌ವೇರ್ ಒಣಗಿ ಸುಟ್ಟ ಮೇಲೆ ಸುಮಾರು ನೂರಕ್ಕೆ 12 ಭಾಗ ಕುಗ್ಗುತ್ತದೆ. ಕೊನೆಗೆ 9 ಸೆಂಟಿಮೀಟರ್ ಎತ್ತರದ ಲೋಟ ಬೇಕಿದ್ದರೆ ತಿಗರಿ ಮೇಲೆ 10ಕ್ಕಿಂತ ಸ್ವಲ್ಪ ಮೇಲೆಯೇ ಎಳೆಯಬೇಕು. ಒಂದೊಂದು ಮಣ್ಣು ಒಂದೊಂದು ಥರ ಕುಗ್ಗುತ್ತದೆ. ಹಸಿ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಸುಟ್ಟ ಮೇಲೆ ಅಳೆದು ನೋಡಿದರೆ ನಿಮ್ಮ ಮಣ್ಣಿನ ಲೆಕ್ಕ ಸಿಗುತ್ತದೆ.

ನಾದುವುದು

ಮಣ್ಣನ್ನು ಮರದ ಹಲಗೆ ಮೇಲಿಟ್ಟು ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಹಿಂದಕ್ಕೆ ಎಳೆದು ಮಡಚಿ, ಮತ್ತೆ ಒತ್ತಿ. ಚಪಾತಿ ಹಿಟ್ಟು ನಾದಿದ ಹಾಗೆಯೇ, ಆದರೆ ಒಂದು ವ್ಯತ್ಯಾಸ ಇದೆ. ಮಡಚುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳಬಾರದು. ಐವತ್ತು ಸಲ ನಾದಿ. ಆಮೇಲೆ ತಂತಿಯಲ್ಲಿ ನಡುವೆ ಕತ್ತರಿಸಿ ನೋಡಿ. ತೂತು ಕಂಡರೆ ಇನ್ನೂ ಐವತ್ತು. ಕೈಗೆ ಮೆತ್ತಿಕೊಳ್ಳುತ್ತಿದ್ದರೆ ಮಣ್ಣು ತೀರಾ ಹಸಿ, ನೀರು ಹೀರುವ ಪ್ಲಾಸ್ಟರ್ ಹಲಗೆ ಮೇಲೆ ಹತ್ತು ನಿಮಿಷ ಹರಡಿಡಿ. ಮಡಚಿದ ಕಡೆ ಬಿರುಕು ಬಿಡುತ್ತಿದ್ದರೆ ತೀರಾ ಒಣ. ಬೆರಳು ಒತ್ತಿದರೆ ಸುಲಭವಾಗಿ ಇಳಿಯಬೇಕು, ತೆಗೆದಾಗ ಬೆರಳಿಗೆ ಏನೂ ಅಂಟಿರಬಾರದು. ಆ ಹದಕ್ಕೆ ಬಂದ ಮೇಲೆ ಉಂಡೆ ಕಟ್ಟಿ.

ನಡುವಿಗೆ ಕೂರಿಸುವುದು

ಎಲ್ಲರೂ ಹೆದರುವ ಹೆಜ್ಜೆ ಇದು. ತಿಗರಿಯ ತಟ್ಟೆ ಒಣಗಿರಲಿ. ಉಂಡೆಯನ್ನು ಜೋರಾಗಿ ಬಡಿದು ಕೂರಿಸಿ, ಅಂಚನ್ನು ಬೆರಳಿಂದ ಒತ್ತಿ ಭದ್ರ ಮಾಡಿ. ಈಗ ಕೈ ಒದ್ದೆ ಮಾಡಿಕೊಳ್ಳಿ, ಮಣ್ಣಿಗೂ ಸ್ವಲ್ಪ ನೀರು. ಬಲಗೈ ಬಳಸುವವರಿಗೆ ವಿದ್ಯುತ್ ತಿಗರಿ ಎಡಕ್ಕೆ ತಿರುಗಲಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ. ವೇಗ ಜೋರಾಗಿರಲಿ.

ಎಡ ಮೊಣಕೈಯನ್ನು ತೊಡೆಗೋ ಸೊಂಟಕ್ಕೋ ಆನಿಸಿಕೊಳ್ಳಿ. ಗಾಳಿಯಲ್ಲಿ ತೇಲುವ ಕೈಯನ್ನು ಮಣ್ಣು ತನಗೆ ಬೇಕಾದ ಕಡೆ ಎಳೆದುಕೊಂಡು ಹೋಗುತ್ತದೆ. ಆನಿಸಿಟ್ಟ ಕೈಯನ್ನು ಅಲುಗಿಸಲು ಅದಕ್ಕೆ ಆಗುವುದಿಲ್ಲ. ಎಡ ಅಂಗೈಯಿಂದ ಪಕ್ಕದಿಂದ ಒತ್ತಿ, ಬಲಗೈಯಿಂದ ಮೇಲಿನಿಂದ ಒತ್ತಿ. ತೋಳಿನ ಬಲ ಹಾಕಬೇಡಿ, ಮೈಭಾರ ಮುಂದಕ್ಕೆ ಬಿಡಿ. ಎರಡೂ ಅಂಗೈ ನಡುವೆ ಹಿಸುಕಿ ಮಣ್ಣನ್ನು ಗೋಪುರದ ಹಾಗೆ ಮೇಲಕ್ಕೆ ಎಬ್ಬಿಸಿ, ಮತ್ತೆ ಕೆಳಕ್ಕೆ ಒತ್ತಿ. ಎರಡು ಮೂರು ಸಲ ಹೀಗೆ ಮಾಡಿದರೆ ಒಳಗಿನ ಗಟ್ಟಿ ಮೆತ್ತಗೆಲ್ಲ ಒಂದಾಗುತ್ತದೆ.

ಕೂತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಣ್ಣು ಮುಚ್ಚಿ, ಬೆರಳನ್ನು ಹಗುರವಾಗಿ ಪಕ್ಕಕ್ಕೆ ತಾಗಿಸಿ. ಬೆರಳು ಅಲುಗದಿದ್ದರೆ ಕೂತಿದೆ. ಕಣ್ಣಿಗಿಂತ ಬೆರಳನ್ನೇ ನಂಬಿ. ಇನ್ನೊಂದು ಮಾತು, ಇದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು: ಕೈಯನ್ನು ಫಕ್ಕನೆ ತೆಗೆಯಬೇಡಿ. ಕೂತ ಮಣ್ಣು ಕೆಡುವುದು ಬಹಳ ಸಲ ಕೈ ತೆಗೆಯುವ ಆ ಅರೆಗಳಿಗೆಯಲ್ಲೇ.

ತೆರೆದು, ಎಳೆಯುವುದು

ನಡುವಿನಲ್ಲಿ ಹೆಬ್ಬೆರಳು ಇಳಿಸಿ ಗುಳಿ ಮಾಡಿ. ತಳದಲ್ಲಿ ಒಂದು ಸೆಂಟಿಮೀಟರ್ ಮಣ್ಣು ಉಳಿಯಲಿ. ತಿಗರಿ ನಿಲ್ಲಿಸಿ ಸೂಜಿ ಚುಚ್ಚಿ ಅಳೆದುಕೊಳ್ಳಿ, ತೂತು ತಾನೇ ಮುಚ್ಚಿಕೊಳ್ಳುತ್ತದೆ. ಗುಳಿಯನ್ನು ಬೇಕಾದಷ್ಟು ಅಗಲ ಮಾಡಿದ ಮೇಲೆ ತಳವನ್ನು ಬೆರಳಿಂದ ಒತ್ತಿ, ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ, ಮೂರು ನಾಲ್ಕು ಸಲ. ಇದನ್ನು ಬಿಟ್ಟವರ ಲೋಟದ ತಳದಲ್ಲಿ ಒಣಗುವಾಗಲೋ ಸುಟ್ಟಾಗಲೋ ಹಾವಿನ ಹಾಗೆ ಡೊಂಕಾದ ಬಿರುಕು ಬರುತ್ತದೆ. ತಳದಲ್ಲಿ ನಿಂತ ನೀರನ್ನೂ ಸ್ಪಂಜಿನಿಂದ ಹೀರಿ ತೆಗೆಯಿರಿ, ಅದೂ ಇದೇ ಬಿರುಕಿಗೆ ಕಾರಣ.

ಈಗ ಎಳೆಯುವುದು. ಎಡಗೈ ಬೆರಳು ಒಳಗೆ, ಬಲಗೈ ಬೆರಳು ಹೊರಗೆ, ಒಂದಕ್ಕೊಂದು ಎದುರು. ತೀರಾ ಬುಡದಿಂದ ಶುರು ಮಾಡಿ. ಬುಡದಲ್ಲಿ ಮಣ್ಣಿನ ಒಂದು ಉಬ್ಬು ಬೆರಳ ಮೇಲೆ ಕೂರುತ್ತದೆ, ಅದನ್ನೇ ಹಾಗೇ ಮೇಲಕ್ಕೆ ಕರೆದುಕೊಂಡು ಬನ್ನಿ. ತಿಗರಿ ಒಂದು ಸುತ್ತು ಸುತ್ತುವಷ್ಟರಲ್ಲಿ ಕೈ ಒಂದು ಬೆರಳಿನಷ್ಟು ಮಾತ್ರ ಏರಬೇಕು. ಕೈ ಬೇಗ ಏರಿದರೆ ಗೋಡೆ ತಿರುಚಿಕೊಳ್ಳುತ್ತದೆ. ಮೂರು ನಾಲ್ಕು ಸಲ ಎಳೆದರೆ ಸಾಕು, ಪ್ರತಿ ಸಲವೂ ವೇಗ ಸ್ವಲ್ಪ ಇಳಿಸಿ. ಪಾತ್ರೆ ತಾನಾಗಿಯೇ ಅಗಲವಾಗಲು ನೋಡುತ್ತಿರುತ್ತದೆ, ಆದ್ದರಿಂದ ಪ್ರತಿ ಸಲ ಎಳೆದ ಮೇಲೆ ಎರಡೂ ಕೈಯಿಂದ ಕತ್ತು ಹಿಡಿದ ಹಾಗೆ ಹಗುರವಾಗಿ ಒಳಕ್ಕೆ ತನ್ನಿ. ಕೊನೆಯಲ್ಲಿ ಅಂಚಿನ ಮೇಲೆ ಒದ್ದೆ ಚರ್ಮದ ತುಂಡು ಮಡಚಿ ಹಿಡಿದರೆ ತುಟಿಗೆ ಹಿತವಾಗುವಷ್ಟು ನುಣುಪಾಗುತ್ತದೆ.

ಮೊದಮೊದಲು ನಾನು ಎತ್ತರ ನೋಡಿ ಖುಷಿಪಡುತ್ತಿದ್ದೆ. ಒಂದು ದಿನ ನಮ್ಮ ಮೇಡಂ ಬಂದು, ಏನೂ ಹೇಳದೆ, ನನ್ನ ಲೋಟದ ನಡುವೆ ತಂತಿ ಇಳಿಸಿ ಎರಡು ಹೋಳು ಮಾಡಿಬಿಟ್ಟರು. "ಈಗ ನೋಡಮ್ಮ" ಅಂದರು. ಅಂಚು 3 ಮಿಲಿಮೀಟರ್ ಇತ್ತು. ಬುಡದ ಮೂಲೆಯಲ್ಲಿ 14. ಅಷ್ಟೂ ಮಣ್ಣು ಎತ್ತರಕ್ಕೆ ಹೋಗಬೇಕಾದದ್ದು, ಬುಡದಲ್ಲೇ ಕೂತಿತ್ತು. ಅವತ್ತಿಂದ ಮೊದಲ ಇಪ್ಪತ್ತು ಲೋಟ ನಾನೇ ಕತ್ತರಿಸಿದೆ. ನೀವೂ ಕತ್ತರಿಸಿ, ಬಹಳ ಸಂಕಟವಾಗುತ್ತದೆ, ಆದರೂ ಕತ್ತರಿಸಿ. ಗೋಡೆ ಮೇಲಿಂದ ಕೆಳಗೆ 4ರಿಂದ 5 ಮಿಲಿಮೀಟರ್ ಇರಬೇಕು. ಕತ್ತರಿಸಿದ ಮಣ್ಣು ಎಲ್ಲಿಗೂ ಹೋಗುವುದಿಲ್ಲ, ಮತ್ತೆ ನಾದಿದರೆ ಮತ್ತೆ ಉಂಡೆ.

ಒಣಗಿಸುವುದು, ಬುಡ ಕೆತ್ತುವುದು

ತಂತಿ ಹಾಯಿಸಿ ಲೋಟ ಬಿಡಿಸಿ ಹಲಗೆ ಮೇಲಿಡಿ. ಅಂಚು ಬೇಗ ಒಣಗುತ್ತದೆ, ತಳ ತಡ. ಒಂದೇ ಪಾತ್ರೆಯಲ್ಲಿ ಮೇಲೆ ಕುಗ್ಗಿ ಕೆಳಗೆ ಕುಗ್ಗದಿದ್ದರೆ ಬಿರುಕು ಬರದೆ ಇರುತ್ತದಾ? ಆದ್ದರಿಂದ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ, ಅಂಚು ಗಟ್ಟಿಯಾದ ತಕ್ಷಣ ಬೋರಲು ಹಾಕಿ. ಫ್ಯಾನ್ ಕೆಳಗೆ ಇಡಲೇಬೇಡಿ. ಏಪ್ರಿಲ್‌ನಲ್ಲಿ ರಾತ್ರಿ ಇಟ್ಟದ್ದು ಬೆಳಗ್ಗೆಗೆ ಹದ ಮೀರಿರಬಹುದು, ಮಳೆಗಾಲದಲ್ಲಿ ಮೂರು ದಿನವಾದರೂ ಹದಕ್ಕೆ ಬಾರದೆ ಇರಬಹುದು. ಗಡಿಯಾರ ನೋಡಬೇಡಿ, ಲೋಟ ಮುಟ್ಟಿ ನೋಡಿ.

ಕೆತ್ತುವ ಹದಕ್ಕೆ ನಾವೆಲ್ಲ ಲೆದರ್ ಹಾರ್ಡ್ ಅನ್ನುತ್ತೇವೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಕೈಯಲ್ಲಿ ಹಿಡಿದರೆ ಆಕಾರ ಕೆಡಬಾರದು. ಕೆತ್ತಿದಾಗ ಮಣ್ಣು ಕೊಬ್ಬರಿ ತುರಿಯಂತೆ ಉದ್ದುದ್ದ ಎಳೆಯಾಗಿ ಬಂದರೆ ಸರಿಯಾದ ಹದ. ಉಪಕರಣಕ್ಕೆ ಅಂಟಿದರೆ ಇನ್ನೂ ಹಸಿ, ಪುಡಿಯಾಗಿ ಉದುರಿದರೆ ತಡವಾಯಿತು. ಲೋಟವನ್ನು ಬೋರಲಾಗಿ ತಿಗರಿ ನಡುವೆ ಇಟ್ಟು, ಮೂರು ಕಡೆ ಮಣ್ಣಿನ ಸುರುಳಿ ಒತ್ತಿ ನಿಲ್ಲಿಸಿ, ಬುಡದ ಹೆಚ್ಚಿನ ಮಣ್ಣು ಕೆತ್ತಿ, ಕೆಳಗೆ ಸಣ್ಣ ಕಾಲುಬಳೆ ಥರದ ಉಂಗುರ ಬಿಡಿ. ಮಧ್ಯೆ ಮಧ್ಯೆ ತಳವನ್ನು ಬೆರಳಿಂದ ತಟ್ಟಿ ಕೇಳಿ. ದಪ್ಪ ಇದ್ದಾಗ ಮಂದ ಸದ್ದು, ತೆಳುವಾಗುತ್ತಾ ಬಂದಂತೆ ಟೊಳ್ಳು ಸದ್ದು. ಟೊಳ್ಳು ಕೇಳಿಸಿದ ಕೂಡಲೇ ನಿಲ್ಲಿಸಿ.

ಪೂರ್ತಿ ಒಣಗಿದೆ ಅಂತ ತಿಳಿಯಲು ಲೋಟದ ತಳವನ್ನು ಕೆನ್ನೆಗೆ ಇಟ್ಟುಕೊಳ್ಳಿ. ತಂಪು ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಬಣ್ಣ ತಿಳಿಯಾಗಿದೆ ಅಂತ ನಂಬಿ ಕಿಲ್ನ್‌ಗೆ ಹಾಕಬೇಡಿ. ನೂರು ಡಿಗ್ರಿ ಮುಟ್ಟಿದಾಗ ಆ ನೀರು ಆವಿಯಾಗಿ ಹೊರಬರಲು ಜಾಗ ಸಿಗದೆ ಗೋಡೆಯನ್ನೇ ಸಿಡಿಸುತ್ತದೆ. ಚೂರುಗಳು ಪಕ್ಕದವರ ಪಾತ್ರೆಯನ್ನೂ ಹಾಳು ಮಾಡುತ್ತವೆ.

ಮೊದಲ ಸುಡುವಿಕೆ

ಇದಕ್ಕೆ ಬಿಸ್ಕ್ ಅನ್ನುತ್ತೇವೆ. 950ರಿಂದ 1000 ಡಿಗ್ರಿ. ಮೊದಲ ಕೆಲವು ಗಂಟೆ ನೂರರ ಕೆಳಗೇ, ಮುಚ್ಚಳದ ಕಿಂಡಿ ತೆರೆದು. ಆಮೇಲೆ 600ರವರೆಗೆ ಗಂಟೆಗೆ ನೂರು ಡಿಗ್ರಿಗಿಂತ ಜೋರು ಬೇಡ. ಮಣ್ಣಿನ ಕಣಗಳಲ್ಲೇ ಕಟ್ಟಿಕೊಂಡಿರುವ ನೀರು ಸರಿಸುಮಾರು 450ರಿಂದ 600ರ ನಡುವೆ ಹೋಗುತ್ತದೆ, 573ರಲ್ಲಿ ಕ್ವಾರ್ಟ್ಜ್ ಹರಳು ಒಮ್ಮೆಲೇ ಹಿಗ್ಗುತ್ತದೆ. ಆರುವಾಗ ಅದೇ ಜಾಗದಲ್ಲಿ ಒಮ್ಮೆಲೇ ಕುಗ್ಗುತ್ತದೆ. ಹಾಗಾಗಿ ಆರಿಸುವಾಗಲೂ ಅವಸರ ಬೇಡ.

ಗ್ಲೇಜ್ ಅಂದರೆ ಏನು?

ಲೋಟದ ಮೈಮೇಲೆ ಕರಗಿ ಅಂಟಿಕೊಂಡ ಗಾಜು, ಅಷ್ಟೇ. ಗಾಜು ಮಾಡುವುದು ಸಿಲಿಕಾ. ಅದೊಂದೇ ಇದ್ದರೆ ಕರಗಲು 1700 ಡಿಗ್ರಿಗೂ ಹೆಚ್ಚು ಶಾಖ ಬೇಕು, ನಮ್ಮ ಕಿಲ್ನ್ ಅಷ್ಟು ಏರುವುದಿಲ್ಲ. ಆದ್ದರಿಂದ ಬೇಗ ಕರಗಿಸುವ ವಸ್ತು ಸೇರಿಸುತ್ತೇವೆ, ಅದು ಫ್ಲಕ್ಸ್. ಕರಗಿದ್ದು ನೀರಿನ ಹಾಗೆ ಹರಿದುಹೋಗದಂತೆ ಹಿಡಿದು ನಿಲ್ಲಿಸುವುದು ಅಲ್ಯೂಮಿನಾ, ಅದು ಚೈನಾ ಕ್ಲೇ ಅನ್ನುವ ಬಿಳಿ ಮಣ್ಣಿನಿಂದ ಬರುತ್ತದೆ. ಈ ಮೂರರ ಲೆಕ್ಕ ತಲೆಗೆ ಹತ್ತಿದರೆ ಯಾವ ಗ್ಲೇಜ್ ಯಾಕೆ ಕೆಟ್ಟಿತು ಅಂತ ಹೇಳಬಹುದು.

ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಒಂದು ಹಳೆಯ ಅಳತೆ ಇದೆ. ಪೊಟ್ಯಾಶ್ ಫೆಲ್ಡ್‌ಸ್ಪಾರ್ ಅನ್ನುವ ಖನಿಜದ ಪುಡಿ 40, ಕ್ವಾರ್ಟ್ಜ್ ಅಂದರೆ ಸಿಲಿಕಾ 30, ವೈಟಿಂಗ್ ಅಂದರೆ ಸುಣ್ಣದಕಲ್ಲಿನ ಪುಡಿ 20, ಚೈನಾ ಕ್ಲೇ 10. ಇದು ಕೋನ್ 10ರ ಪಾರದರ್ಶಕ ಗ್ಲೇಜ್, ಸುಮಾರು 1280ರಿಂದ 1300 ಡಿಗ್ರಿಗೆ. ಕೋನ್ ಅಂದರೆ ಕಿಲ್ನ್ ಒಳಗಿಡುವ, ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಶಂಕು, ಅದರ ಸಂಖ್ಯೆಯೇ ಸುಡುವ ಶಾಖದ ಅಳತೆ. ಇದಕ್ಕೆ ನೂರಕ್ಕೆ 8ರಿಂದ 10 ಕೆಂಪು ಕಬ್ಬಿಣದ ಆಕ್ಸೈಡ್ ಸೇರಿಸಿದರೆ ಕಾಫಿ ಡಿಕಾಕ್ಷನ್‌ನಂಥ ಕಂದುಗಪ್ಪು. ಕೋಬಾಲ್ಟ್ ಕಾರ್ಬೊನೇಟ್ ಆದರೆ ನೂರಕ್ಕೆ 1 ಸಾಕು, ಗಾಢ ನೀಲಿ. ನಿಮ್ಮ ಕಿಲ್ನ್ ಕೋನ್ 6ರವರೆಗೆ, ಅಂದರೆ 1220ರಿಂದ 1240ರವರೆಗೆ ಮಾತ್ರ ಏರುವುದಾದರೆ ಈ ಅಳತೆ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ಬೋರಾನ್ ಇರುವ ಫ್ರಿಟ್, ಅಂದರೆ ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು, ಬೇಕು. ಕಲಿಯುವ ಹೊತ್ತಿನಲ್ಲಿ ಕೋನ್ 6ರ ಸಿದ್ಧ ಗ್ಲೇಜ್ ಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಣ್ಣೂ ಅದೇ ಕೋನ್‌ಗೆ ಬೇಯುವಂಥದ್ದೇ ಇರಲಿ.

ಪುಡಿ ಬೆರೆಸುವಾಗ ಮಾಸ್ಕ್ ಕಡ್ಡಾಯ, ಸುಮ್ನೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಎನ್95 ಹಾಕಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ. ಸ್ಟುಡಿಯೋ ನೆಲವನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟ ಕಾಫಿಯ ಪಾತ್ರೆಗೆ ಸೀಸ ಇರುವ ಗ್ಲೇಜ್ ಯಾರೇ ಕೊಟ್ಟರೂ ಬೇಡ ಅನ್ನಿ.

ಬೆರೆಸುವುದು, ಅದ್ದುವುದು

ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ಒಂದು ಕಿಲೋ ಪುಡಿಗೆ ಸುಮಾರು ಒಂದು ಲೀಟರ್ ನೀರು. ರಾತ್ರಿ ನೆನೆಯಲು ಬಿಟ್ಟು ಬೆಳಗ್ಗೆ 80 ಮೆಷ್ ಜರಡಿಯಲ್ಲಿ ಎರಡು ಸಲ ಸೋಸಿ. ಹದ ಹೇಗಿರಬೇಕು? ನೀರುದೋಸೆ ಹಿಟ್ಟಿಗಿಂತ ಚೂರು ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ಬಹಳ ತೆಳು. ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ 100 ಮಿಲಿಲೀಟರ್ ಅಳೆದು ತೂಗಿ. 145 ಗ್ರಾಂ ಆಸುಪಾಸು ಬಂದರೆ ಅದ್ದಲು ಸರಿ. ಬಕೆಟ್ ಮೇಲೆ ಈ ತೂಕ ಬರೆದಿಡಿ. ಅದ್ದುವ ಮುಂಚೆ ಪ್ರತಿ ಸಲವೂ ಕೈಯನ್ನು ತಳದವರೆಗೆ ಇಳಿಸಿ, ಗ್ಲೌಸ್ ಹಾಕಿಕೊಂಡು, ಚೆನ್ನಾಗಿ ಕಲಕಿ. ಭಾರದ ಪುಡಿಯೆಲ್ಲ ಕೆಳಗೆ ಕೂತಿರುತ್ತದೆ.

ಬಿಸ್ಕ್ ಆದ ಲೋಟವನ್ನು ಒದ್ದೆ ಸ್ಪಂಜಿನಲ್ಲಿ ಒಮ್ಮೆ ಒರೆಸಿ ಆರಲು ಬಿಡಿ. ಧೂಳಿದ್ದರೆ, ಎಣ್ಣೆ ಕೈಯಲ್ಲಿ ಮುಟ್ಟಿದ್ದರೆ ಅಲ್ಲಿ ಗ್ಲೇಜ್ ಹಿಡಿಯದೆ ಸುರುಟಿ ಬಿಟ್ಟುಹೋಗುತ್ತದೆ. ಮಧ್ಯಾಹ್ನ ಊಟ ಮಾಡಿ ಬಂದವರು ಕೈ ಸೋಪಿನಲ್ಲಿ ತೊಳೆದೇ ಮುಟ್ಟಿ.

ಒಳಗೆ ಮೊದಲು. ಅರ್ಧ ಲೋಟ ಗ್ಲೇಜ್ ಸುರಿದು, ಒಂದು ಸುತ್ತು ತಿರುಗಿಸಿ, ಸುರಿದುಬಿಡಿ. ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಬಿಸ್ಕ್ ಮಣ್ಣು ನೀರನ್ನು ಗಟಗಟ ಕುಡಿಯುತ್ತದೆ, ನಿಂತಷ್ಟೂ ಪದರ ದಪ್ಪವಾಗುತ್ತದೆ. ಈಗ ಗೋಡೆ ನೀರು ಕುಡಿದು ತಣಿದಿರುತ್ತದೆ, ಹೊರಗಡೆ ಆಗಲೇ ಅದ್ದಿದರೆ ಸರಿಯಾಗಿ ಹಿಡಿಯುವುದಿಲ್ಲ. ತೆಳು ಗೋಡೆಯ ಲೋಟವಾದರೆ ಮಾರನೇ ದಿನದವರೆಗೆ ಕಾಯಿರಿ. ಆಮೇಲೆ ಬುಡದ ಉಂಗುರ ಹಿಡಿದು ಬೋರಲಾಗಿ, ನೇರವಾಗಿ ಅದ್ದಿ. ಒಳಗಿನ ಗಾಳಿ ಗ್ಲೇಜನ್ನು ಒಳಗೆ ಬಿಡುವುದಿಲ್ಲ. ಒಂದು, ಎರಡು, ಮೂರು ಎಣಿಸಿ ಎತ್ತಿ. ಒಣಗಿದ ಮೇಲೆ ಬುಡದ ಹತ್ತಿರ ಸೂಜಿಯಿಂದ ಗೀರಿ ನೋಡಿ, ಒಂದು ಮಿಲಿಮೀಟರ್ ಇದ್ದರೆ ಸಾಕು. ಗೀರಿದ್ದನ್ನು ಬೆರಳಿಂದ ಉಜ್ಜಿ ಮುಚ್ಚಿ.

ಕೊನೆಯದಾಗಿ ಬುಡ ಒರೆಸುವುದು. ತಳ ಮತ್ತು ಅದರಿಂದ ಮೇಲಕ್ಕೆ 5 ಮಿಲಿಮೀಟರ್‌ವರೆಗೆ ಗ್ಲೇಜ್‌ನ ಗುರುತೂ ಇರಬಾರದು. ಕಳೆದ ವರ್ಷ ನಾನು ಒಂದು ಲೋಟಕ್ಕೆ ಎರಡು ಗ್ಲೇಜ್ ಒಂದರ ಮೇಲೊಂದು ಅದ್ದಿದೆ. ಎರಡೂ ಕೂಡುವ ಪಟ್ಟಿ ಲೋಟದ ಕೆಳಭಾಗದಲ್ಲಿತ್ತು. ಬೇರೆ ಬೇರೆ ಇದ್ದಾಗ ನೆಟ್ಟಗೆ ನಿಲ್ಲುತ್ತಿದ್ದ ಎರಡು ಗ್ಲೇಜ್, ಕೂಡಿದ ಕಡೆ ಜೇನಿನ ಹಾಗೆ ಇಳಿದವು. ಕಿಲ್ನ್ ತೆರೆದಾಗ ಹಸಿರು ಬಣ್ಣದ ದಪ್ಪ ಹನಿಯೊಂದು ಉಂಗುರದ ಸುತ್ತ ಹೆಪ್ಪುಗಟ್ಟಿ, ಲೋಟ ಹಲಗೆಗೆ ಬೆಸೆದುಹೋಗಿತ್ತು. ಬಣ್ಣ ಮಾತ್ರ ನಾನು ಇವತ್ತಿನವರೆಗೆ ಪಡೆದ ಹಸಿರುಗಳಲ್ಲೇ ಚೆಂದದ್ದು. ಉಳಿಯಿಂದ ಬಿಡಿಸುವಾಗ ಲೋಟ ಒಡೆಯಿತು, ಹಲಗೆಯನ್ನು ಅರ್ಧ ದಿನ ಉಜ್ಜಿದೆ. ಈಗ ಎರಡು ಗ್ಲೇಜ್ ಹಾಕುವುದಾದರೆ ಲೋಟದ ಮೇಲಿನ, ಅಂಚಿನ ಕಡೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಹಾಕುತ್ತೇನೆ. ಅದಕ್ಕೂ ಮುಂಚೆ ಒಂದು ಸಲ, ಎರಡು ಸಲ, ಮೂರು ಸಲ ಅದ್ದಿದ ಪರೀಕ್ಷೆ ಬಿಲ್ಲೆಗಳನ್ನು ಸುಟ್ಟು ನೋಡುತ್ತೇನೆ. ಬಿಲ್ಲೆಗಳನ್ನು ಮಲಗಿಸಬೇಡಿ, ನಿಲ್ಲಿಸಿ ಸುಡಿ. ಹರಿಯುತ್ತದೋ ಇಲ್ಲವೋ ನಿಂತಾಗಲೇ ಗೊತ್ತಾಗುವುದು.

ಎರಡನೇ ಬೆಂಕಿ

ಕಿಲ್ನ್ ಹಲಗೆಗೆ ಅಲ್ಯೂಮಿನಾ ಮತ್ತು ಚೈನಾ ಕ್ಲೇ ಕಲಸಿದ ಕಿಲ್ನ್ ವಾಶ್ ಬಳಿದಿರಲಿ. ಲೋಟಗಳ ನಡುವೆ ಒಂದು ಬೆರಳು ಜಾಗ ಬಿಡಿ, ಗ್ಲೇಜ್ ಕರಗುವಾಗ ತಾಗಿದ್ದು ಅಂಟಿಕೊಳ್ಳುತ್ತದೆ. ಒಳಗೆ ಕಣ್ಣಿಗೆ ಕಾಣುವಂತೆ ಕೋನ್ ಇಡಿ. ಮೀಟರ್ ತೋರಿಸುವುದು ಆ ಗಳಿಗೆಯ ಶಾಖ ಮಾತ್ರ. ಶಾಖವೂ ಸಮಯವೂ ಸೇರಿ ಎಷ್ಟು ಬೆಂದಿದೆ ಅನ್ನುವುದನ್ನು ಕೋನ್ ಬಾಗಿ ಹೇಳುತ್ತದೆ. ಆರುತ್ತಿರುವಾಗಲೇ ತೆರೆಯುವ ಆಸೆ ತಡೆದುಕೊಳ್ಳುವುದು ಕಷ್ಟ, ಅಲ್ವಾ? ಆದರೂ ನೂರು ಡಿಗ್ರಿ ಕೆಳಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ.

ಲೋಟ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದೆ, ಮುಂದಿನ ಸಲ ಕ್ವಾರ್ಟ್ಜ್ ಸ್ವಲ್ಪ ಹೆಚ್ಚಿಸಿ. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಬಹಳ ಸಲ ಬಿಸ್ಕ್ ಸಾಲದೆ ಹೋಗಿರುತ್ತದೆ ಅಥವಾ ಕೊನೆಯ ಶಾಖದಲ್ಲಿ ನಿಲ್ಲಿಸಿದ್ದು ಸಾಲದೆ ಹೋಗಿರುತ್ತದೆ. ಹತ್ತು ಹದಿನೈದು ನಿಮಿಷ ಅದೇ ಶಾಖದಲ್ಲಿ ಹಿಡಿದು ನೋಡಿ.

ಕಾಫಿ ಹಾಕುವ ಮುಂಚೆ ಎರಡು ಪರೀಕ್ಷೆ ಬಾಕಿ. ಒಂದು, ಗ್ಲೇಜ್ ಮೇಲೆ ನಿಂಬೆಹಣ್ಣಿನ ಬಿಲ್ಲೆ ಇಟ್ಟು ರಾತ್ರಿ ಬಿಡಿ. ಬೆಳಗ್ಗೆ ಅಲ್ಲಿ ಬಣ್ಣ ಮಾಸಿದ್ದರೆ, ಹೊಳಪು ಹೋಗಿದ್ದರೆ ಆ ಗ್ಲೇಜ್ ಊಟದ ಪಾತ್ರೆಗೆ ಬೇಡ. ಇನ್ನೊಂದು, ಲೋಟದ ತುಂಬ ನೀರು ಹಾಕಿ ಹಳೆ ಪೇಪರ್ ಮೇಲೆ ರಾತ್ರಿಯಿಡೀ ಇಡಿ. ಬೆಳಗ್ಗೆ ಲೋಟ ಎತ್ತಿದಾಗ ಪೇಪರ್ ಒಣಗಿದ್ದರೆ ಮಣ್ಣು ಚೆನ್ನಾಗಿ ಬೆಂದಿದೆ, ಡಿಕಾಕ್ಷನ್ ಇಳಿಸಿ. ಉಂಗುರದ ಆಕಾರದಲ್ಲಿ ಒದ್ದೆ ಗುರುತು ಬಿದ್ದಿದ್ದರೆ ಮಣ್ಣಿಗೆ ಶಾಖ ಸಾಲದೆ ಹೋಗಿದೆ. ಆ ಲೋಟದಲ್ಲಿ ಪೆನ್ನು ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಆವತ್ತಿನ ಕೋನ್ ಎಷ್ಟು ಬಾಗಿತ್ತು ಅಂತ ಬರೆದು, ಮುಂದಿನ 450 ಗ್ರಾಂ ತೂಗಿ.